ಕೊರಿಯಾದ ಸುವೊನ್ ಊರಿನ ನಮ್ಮ ಟೇಕ್ವಾಂಡೊ ದೋಜಾಂಗ್: ಬಿಳಿ ಬೆಲ್ಟಿನಿಂದ ಎರಡನೇ ದಾನ್‌ವರೆಗೆ

ಕೆಲಸದ ಮೇಲೆ ಕೊರಿಯಾಗೆ ಬಂದಿಳಿಯುವ ಕನ್ನಡದ ಮನೆಯವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಮನೆ ಬಾಡಿಗೆಯದ್ದು, ಎರಡನೆಯದು ಟೇಕ್ವಾಂಡೊದ್ದು. ಮಗುವನ್ನು ಪಕ್ಕದ ಬೀದಿಯ ದೋಜಾಂಗ್‌ಗೆ, ಅಂದರೆ ಟೇಕ್ವಾಂಡೊ ಕಲಿಸುವ ಶಾಲೆಗೆ, ಸೇರಿಸಬಹುದಾ? ಕೊಡುವ ದುಡ್ಡಿಗೆ ಸರಿಯಾಗಿ ಕಲಿಸುತ್ತಾರಾ? ಪರೀಕ್ಷೆ, ಬೆಲ್ಟು ಅಂತ ಸುಮ್ನೆ ಹಣ ಕೀಳುತ್ತಾರಾ? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ. ನನ್ನ ಮಗ ಒಂದನೇ ತರಗತಿಯಲ್ಲಿದ್ದಾಗ ಸೇರಿದ. ಕೆಲವು ತಿಂಗಳ ನಂತರ ನಾನೂ ಸೇರಿದೆ. ಈಗ ಐದು ವರ್ಷ ದಾಟಿದೆ. ಅವನು ಎರಡನೇ ಪೂಮ್, ನಾನು ಎರಡನೇ ದಾನ್. ಎರಡೂ ಕಪ್ಪು ಬೆಲ್ಟಿನ ಹಂತಗಳು, ಪೂಮ್ ಮಕ್ಕಳದ್ದು, ದಾನ್ ದೊಡ್ಡವರದ್ದು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸೇರಿಸಿ. ಆದರೆ ಪರೀಕ್ಷೆ ನೋಡಿ ದೋಜಾಂಗ್ ಆರಿಸಬೇಡಿ. ಎರಡು ಪರೀಕ್ಷೆಗಳ ನಡುವಿನ ಮಾಮೂಲಿ ಮಂಗಳವಾರದ ತರಗತಿ ನೋಡಿ ಆರಿಸಿ.

ನಮ್ಮ ದೋಜಾಂಗ್ ಅಪಾರ್ಟ್‌ಮೆಂಟಿನ ಎದುರಿನ ಅಂಗಡಿ ಕಟ್ಟಡದ ಮೂರನೇ ಮಹಡಿಯಲ್ಲಿದೆ. ಕೆಳಗೆ ಔಷಧಿ ಅಂಗಡಿ, ಮೇಲೆ ಗಣಿತದ ಟ್ಯೂಷನ್. ಕೊರಿಯಾದಲ್ಲಿ ಬಹುಪಾಲು ದೋಜಾಂಗ್‌ಗಳು ಹೀಗೇ ಇರುತ್ತವೆ. ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಹಳದಿ ವ್ಯಾನ್ ಬಂದು ಮಕ್ಕಳನ್ನು ಗೇಟಿನಿಂದಲೇ ಕರೆದುಕೊಂಡು ಹೋಗುತ್ತದೆ, ತರಗತಿ ಮುಗಿದ ಮೇಲೆ ಮನೆ ಹತ್ತಿರ ಬಿಡುತ್ತದೆ. ಡ್ರೈವರ್ ಜೊತೆ ಮಕ್ಕಳನ್ನು ಹತ್ತಿಸಿ ಇಳಿಸಲು ಇನ್ನೊಬ್ಬರು ಇರಲೇಬೇಕು ಅನ್ನುವುದು ಇಲ್ಲಿನ ಕಾನೂನು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇದೊಂದೇ ಸಾಕು. ನಾವು ವಾರಕ್ಕೆ ಐದು ದಿನಕ್ಕೆ ತಿಂಗಳಿಗೆ ಸುಮಾರು 1,50,000 ವೊನ್ ಕೊಡುತ್ತೇವೆ. ನಮ್ಮ ಲೆಕ್ಕದಲ್ಲಿ ಒಂಬತ್ತು ಸಾವಿರ ರೂಪಾಯಿ ಹತ್ತಿರ ಬರುತ್ತದೆ. ವ್ಯಾನ್ ಅದರಲ್ಲೇ ಸೇರಿದೆ.

ದೊಡ್ಡವರ ತರಗತಿ ರಾತ್ರಿ. ಜನ ಕಡಿಮೆ. ಇಲ್ಲಿ ಟೇಕ್ವಾಂಡೊ ಹೆಚ್ಚಾಗಿ ಪ್ರಾಥಮಿಕ ಶಾಲೆಯ ಮಕ್ಕಳದ್ದು. ಮಿಡ್ಲ್ ಸ್ಕೂಲಿಗೆ ಹೋಗುತ್ತಲೇ ಬಹಳಷ್ಟು ಮಕ್ಕಳು ಬಿಟ್ಟು ಇಂಗ್ಲಿಷ್, ಗಣಿತದ ಟ್ಯೂಷನ್ ಹಿಡಿಯುತ್ತಾರೆ. ನನ್ನ ಜೊತೆ ಇರುವವರು ಆಫೀಸು ಮುಗಿಸಿ ಬರುವ ನಾಲ್ಕಾರು ಜನ, ಒಬ್ಬಿಬ್ಬರು ಕಾಲೇಜು ಹುಡುಗರು. ಜನ ಕಡಿಮೆ ಇರುವುದರಿಂದ ಗ್ವಾನ್‌ಜಾಂಗ್‌ನಿಮ್, ಅಂದರೆ ದೋಜಾಂಗ್ ನಡೆಸುವ ಹಿರಿಯ ಗುರುಗಳು, ಒಬ್ಬೊಬ್ಬರ ಪಾದವನ್ನೂ ನೋಡುತ್ತಾರೆ. ಮಕ್ಕಳಿಗೆ ಕಲಿಸುವ ಕಿರಿಯ ಗುರುವನ್ನು ಸಬೊಮ್‌ನಿಮ್ ಅನ್ನುತ್ತೇವೆ. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ.

ಪಾದದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ದೋಜಾಂಗ್ ಒಳ್ಳೆಯದು ಅಂತ ನನಗೆ ಅನ್ನಿಸಿದ್ದು ಅಲ್ಲೇ. ದೊಲ್ಯೊ ಚಗಿ, ಅಂದರೆ ಪಕ್ಕದಿಂದ ಸುತ್ತಿ ಬರುವ ಒದೆತ, ನೋಡಲು ಎತ್ತಿದ ಕಾಲಿನ ಕೆಲಸ ಅನ್ನಿಸುತ್ತದೆ. ನಿಜವಾದ ಕೆಲಸ ನೆಲದ ಮೇಲಿರುವ ಕಾಲಿನದ್ದು. ಆ ಪಾದ ಮುಂಗಾಲಿನ ಮೇಲೆ ತಿರುಗಿ, ಹಿಮ್ಮಡಿ ಎದುರಾಳಿಯ ಕಡೆಗೆ ಬರಬೇಕು. ಅದು ತಿರುಗದಿದ್ದರೆ ಸೊಂಟ ತೆರೆದುಕೊಳ್ಳುವುದಿಲ್ಲ. ತಿರುಚುವ ಬಲವೆಲ್ಲ ಮಂಡಿಗೆ ಬೀಳುತ್ತದೆ. ನಲವತ್ತರ ಹತ್ತಿರ ಇರುವವರಿಗೆ ಇದು ಎಷ್ಟು ಮುಖ್ಯ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ? ಗ್ವಾನ್‌ಜಾಂಗ್‌ನಿಮ್ ಮೊದಲ ಕೆಲವು ತಿಂಗಳು ನನಗೆ ಎತ್ತರಕ್ಕೆ ಒದೆಯಲು ಬಿಡಲೇ ಇಲ್ಲ. ಗೋಡೆ ಹಿಡಿದು, ಮಂಡಿ ಎತ್ತಿ, ಪಾದ ತಿರುಗಿಸಿ, ಕಾಲು ಚಾಚಿ, ಮತ್ತೆ ಮಡಚಿ ಇಳಿಸುವುದು ಅಷ್ಟೇ. ಹಾನಾ, ದುಲ್, ಸೆತ್, ನೆತ್ ಅಂತ ಎಣಿಸುತ್ತಾ. ಇವತ್ತಿಗೂ ನನ್ನ ಮಂಡಿ ಚೆನ್ನಾಗಿದೆ.

ಇನ್ನು ಪರೀಕ್ಷೆಗಳು. ಇವು ಎರಡು ಬಗೆ. ಇದನ್ನು ಬೇರೆ ಮಾಡಿ ನೋಡದಿದ್ದರೆ ಗೊಂದಲ ಆಗುತ್ತದೆ.

ಮೊದಲನೆಯದು ಗೂಪ್ ಪರೀಕ್ಷೆ. ಬಿಳಿ, ಹಳದಿ, ಹಸಿರು, ನೀಲಿ, ಕೆಂಪು ಅಂತ ಬಣ್ಣದ ಬೆಲ್ಟುಗಳಿಗೆ. ಇದನ್ನು ದೋಜಾಂಗ್ ತಾನೇ ನಡೆಸುತ್ತದೆ. ಒಂದೊಂದು ಹಂತಕ್ಕೂ ಒಂದು ಪೂಮ್‌ಸೆ ಕಲಿಯಬೇಕು. ಪೂಮ್‌ಸೆ ಎಂದರೆ ಇಲ್ಲದ ಎದುರಾಳಿಯನ್ನು ಇದ್ದಾನೆ ಅಂದುಕೊಂಡು ತಡೆ, ಹೊಡೆತ, ಒದೆತಗಳನ್ನು ಗೊತ್ತಾದ ಕ್ರಮದಲ್ಲಿ ಮಾಡುವುದು. ಬಣ್ಣದ ಬೆಲ್ಟಿಗೆ ಟೇಗುಕ್ ಅನ್ನುವ ಎಂಟು ಪೂಮ್‌ಸೆಗಳಿವೆ. ಮೊದಲನೆಯದರಲ್ಲಿ 18 ಚಲನೆಗಳು, ಬಹುಪಾಲು ನಡೆಯುವ ಹಾಗೆ ಚಿಕ್ಕ ಹೆಜ್ಜೆಗಳು. ನಾಲ್ಕನೆಯದರಲ್ಲಿ ಎರಡು ಪಕ್ಕದೊದೆತ ಒಂದರ ಹಿಂದೆ ಒಂದು ಬರುತ್ತವೆ. ಆರನೆಯದರಲ್ಲಿ ನಾನು ಮೇಲೆ ಹೇಳಿದ ದೊಲ್ಯೊ ಚಗಿ. ಏಳನೆಯದು ಹುಲಿಯ ನಿಲುವಿನಿಂದ ಶುರು. ಎಂಟನೆಯದರಲ್ಲಿ ಹಾರಿ ಒದೆಯಬೇಕು. ಈ ಎಂಟಕ್ಕೂ ಆಕಾಶ, ಸರೋವರ, ಬೆಂಕಿ, ಗುಡುಗು, ಗಾಳಿ, ನೀರು, ಬೆಟ್ಟ, ಭೂಮಿ ಅಂತ ಒಂದೊಂದು ಚಿಹ್ನೆ ಇದೆ. ಅದರಲ್ಲಿ ನಾಲ್ಕು ಕೊರಿಯಾದ ಬಾವುಟದ ನಾಲ್ಕು ಮೂಲೆಯಲ್ಲಿವೆ. ಒಂದು, ಮೂರು, ಆರು, ಎಂಟು. ಇದನ್ನು ಗೋಡೆಯ ಬಾವುಟ ನೋಡಿ ನನಗೆ ತೋರಿಸಿಕೊಟ್ಟಿದ್ದು ನನ್ನ ಮಗ.

ಗೂಪ್ ಪರೀಕ್ಷೆಯಲ್ಲಿ ಫೇಲ್ ಆದ ಮಗುವನ್ನು ನಾನು ನೋಡಿಲ್ಲ. ಇದು ದೋಷ ಅಂತ ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತಯಾರಾಗದ ಮಗುವನ್ನು ಸಬೊಮ್‌ನಿಮ್ ಪರೀಕ್ಷೆಗೆ ನಿಲ್ಲಿಸುವುದೇ ಇಲ್ಲ, ಮುಂದಿನ ಸಲ ಅನ್ನುತ್ತಾರೆ. ಪೂರ್ತಿ ಬೆಲ್ಟಿನ ಬದಲು ಪಟ್ಟಿ ಅಂಟಿಸಿ ಅರ್ಧ ಹೆಜ್ಜೆ ಮುಂದೆ ಬಿಡುವುದೂ ಉಂಟು. ಪುಟ್ಟ ಮಕ್ಕಳಿಗೆ ಎಲ್ಲರ ಮುಂದೆ ಒಬ್ಬರೇ ನಿಂತು ಮಾಡುವ ಧೈರ್ಯ ಬರುವುದು ಇಂಥ ಚಿಕ್ಕ ಪರೀಕ್ಷೆಗಳಿಂದಲೇ.

ಎರಡನೆಯದು ಪೂಮ್ ಮತ್ತು ದಾನ್ ಪರೀಕ್ಷೆ. ಕಪ್ಪು ಬೆಲ್ಟಿನದ್ದು. ಇದರ ಪ್ರಮಾಣಪತ್ರ ಕೊಡುವುದು ಸೋಲ್‌ನ ಕುಕ್ಕಿವೊನ್, ಅಂದರೆ ಟೇಕ್ವಾಂಡೊದ ಕೇಂದ್ರ ಸಂಸ್ಥೆ. ಗಾಂಗ್‌ನಾಮ್‌ನ ಒಂದು ಗುಡ್ಡದ ಮೇಲೆ 1972ರ ನವೆಂಬರ್ 30ರಂದು ತೆರೆದ ಕಟ್ಟಡ. ಮುಂದಿನ ವರ್ಷವೇ ಮೊದಲ ವಿಶ್ವ ಟೇಕ್ವಾಂಡೊ ಚಾಂಪಿಯನ್‌ಷಿಪ್ ಅಲ್ಲಿ ನಡೆಯಿತು. ಅದಕ್ಕೂ ಮೊದಲು ಕ್ವಾನ್ ಅನ್ನುವ ಬೇರೆ ಬೇರೆ ಶಾಲೆಗಳು ತಮ್ಮ ತಮ್ಮ ರೀತಿಯಲ್ಲಿ ಕಲಿಸಿ, ತಮ್ಮದೇ ದಾನ್ ಕೊಡುತ್ತಿದ್ದವು. ಎಲ್ಲರಿಗೂ ಒಂದೇ ಅಳತೆ ಬಂದದ್ದು ಕುಕ್ಕಿವೊನ್‌ನಿಂದ. ನನಗೆ ಈ ಪದ್ಧತಿಯ ಮೇಲೆ ನಂಬಿಕೆ ಬಂದ ಕಾರಣವೂ ಇದೇ. ಶುಲ್ಕ ತೆಗೆದುಕೊಂಡು ಕಲಿಸುವವರು ಒಬ್ಬರು, ಅಂಕ ಹಾಕುವವರು ಇನ್ನೊಬ್ಬರು.

15 ವರ್ಷ ತುಂಬದವರಿಗೆ ಪೂಮ್, ತುಂಬಿದವರಿಗೆ ದಾನ್. ಪೂಮ್‌ನ ಬೆಲ್ಟು ಅರ್ಧ ಕೆಂಪು, ಅರ್ಧ ಕಪ್ಪು. ವಯಸ್ಸು ತುಂಬಿದ ಮೇಲೆ ಪೂಮ್ ಅನ್ನು ದಾನ್ ಆಗಿ ಬದಲಾಯಿಸಿಕೊಳ್ಳಬಹುದು.

ಪರೀಕ್ಷೆ ನಡೆಯುವುದು ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ. ನೂರಾರು ಬಿಳಿ ದೊಬೊಕ್‌ಗಳು, ಅಂದರೆ ಟೇಕ್ವಾಂಡೊ ಉಡುಪುಗಳು, ಪ್ರತಿಯೊಬ್ಬರ ಮೇಲೂ ನಂಬರ್. ಮೇಲೆ ಗ್ಯಾಲರಿಯಲ್ಲಿ ಅಪ್ಪ ಅಮ್ಮಂದಿರು, ಅಜ್ಜಿ ತಾತಂದಿರು. ಎಂಟು ಟೇಗುಕ್‌ಗಳಲ್ಲಿ ಯಾವುದನ್ನು ಕೇಳುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ, ಆದ್ದರಿಂದ ಎಲ್ಲವೂ ಕಾಲಿನಲ್ಲಿ ಇರಬೇಕು. ನನ್ನ ಮೊದಲ ದಾನ್ ಪರೀಕ್ಷೆಯಲ್ಲಿ ನಮ್ಮ ಸಾಲಿನಲ್ಲಿ ಕಡ್ಡಾಯ ಸೈನ್ಯಸೇವೆಗೆ ಇನ್ನೂ ಹೋಗದ ಹುಡುಗರು, ನಾನು, ಮತ್ತು ನನಗಿಂತ ಹಿರಿಯರಾದ ಒಬ್ಬ ಕೊರಿಯನ್ ಮಹಿಳೆ. "ಜುನ್‌ಬಿ", ಅಂದರೆ ಸಿದ್ಧರಾಗಿ, ಅಂದಾಗ ಎಲ್ಲರ ಮುಷ್ಟಿಯೂ ಹೊಟ್ಟೆಯ ಮುಂದೆ ಒಂದೇ ಸಲ ಬಂದು ನಿಂತವು. ಆ ಕ್ಷಣದಲ್ಲಿ ಭಾಷೆ, ವಯಸ್ಸು ಯಾವುದೂ ಅಡ್ಡ ಬರಲಿಲ್ಲ. ಆ ದಿನಕ್ಕಾಗಿ ನಾನು ಈ ದೋಜಾಂಗ್‌ಗೆ ಯಾವತ್ತೂ ಋಣಿ.

ಪೂಮ್‌ಸೆ ಭಾಗ ಗಂಭೀರವಾಗಿ ನಡೆಯುತ್ತದೆ. ಆದರೆ ಗ್ಯೊರುಗಿ, ಅಂದರೆ ಎದುರುಬದುರಿನ ಕಾದಾಟ, ನನಗೆ ತೃಪ್ತಿ ಕೊಡಲಿಲ್ಲ. ಸ್ವಲ್ಪ ಹೊತ್ತು ಮಕ್ಕಳು ದೂರದಲ್ಲಿ ಕುಣಿದು, ಎರಡು ಒದೆತ ಗಾಳಿಯಲ್ಲಿ ಬಿಟ್ಟು, ಬಗ್ಗಿ ನಮಸ್ಕರಿಸಿ ಬರುತ್ತಾರೆ. ಗಾಯ ಆಗಬಾರದು ಅನ್ನುವುದು ಸರಿ. ಆದರೆ 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಪದಕದ ಆಟವಾಗಿರುವುದು ಈ ಕಾದಾಟವೇ. ಅದಕ್ಕೆ ಬೇಕಾದ ದೂರದ ಅಂದಾಜು, ಒದೆತ ಬರುವಾಗ ಕಣ್ಣು ಮುಚ್ಚದೆ ನಿಲ್ಲುವುದು, ಇವು ಮಾಮೂಲಿ ದೋಜಾಂಗ್‌ನಲ್ಲಿ ಸಾಲುವಷ್ಟು ಸಿಗುವುದಿಲ್ಲ. ನಿಮ್ಮ ಮಗುವಿಗೆ ಸ್ಪರ್ಧೆಯ ಆಸೆ ಇದ್ದರೆ ಗ್ಯೊರುಗಿ ತಂಡ ಇರುವ ದೋಜಾಂಗ್ ಹುಡುಕಿ.

ಇಲ್ಲಿ ನಮ್ಮವರಿಗೆ ಆಶ್ಚರ್ಯ ಆಗುವ ಮಾತು ಒಂದಿದೆ. ಮೊದಲ ಪೂಮ್ ಅಥವಾ ದಾನ್ ಸುಮಾರು ಒಂದು, ಒಂದೂವರೆ ವರ್ಷದಲ್ಲಿ ಸಿಗುತ್ತದೆ. ಇಷ್ಟು ಬೇಗ ಕಪ್ಪು ಬೆಲ್ಟಾ ಅಂತ ಊರಿನಿಂದ ಫೋನ್ ಬಂತು. ನಾನು ಇದನ್ನು ಒಪ್ಪುತ್ತೇನೆ. ಮೊದಲ ದಾನ್ ಅಕ್ಷರ ಕಲಿತ ಹಾಗೆ, ಓದು ಶುರುವಾಗುವುದು ಅದರ ನಂತರ. ಅಲ್ಲಿಂದ ಮುಂದೆ ಅವಸರಕ್ಕೆ ಜಾಗ ಇಲ್ಲ. ಒಂದರಿಂದ ಎರಡಕ್ಕೆ ಕಡಿಮೆ ಎಂದರೂ 1 ವರ್ಷ ಕಾಯಬೇಕು, ಎರಡರಿಂದ ಮೂರಕ್ಕೆ 2 ವರ್ಷ, ಮೂರರಿಂದ ನಾಲ್ಕಕ್ಕೆ 3 ವರ್ಷ. ದುಡ್ಡು ಕೊಟ್ಟು ಈ ವರ್ಷಗಳನ್ನು ಕಡಿಮೆ ಮಾಡಿಕೊಳ್ಳಲು ಆಗುವುದಿಲ್ಲ. ಆ ಕಾಯುವ ವರ್ಷಗಳಲ್ಲೇ ನನ್ನ ಮೊದಲನೇ ಟೇಗುಕ್ ನಿಜವಾಗಿ ನೆಟ್ಟಗಾಗಿದ್ದು.

ಮನಸ್ಸಿಗೆ ಹಿಡಿಸದ ವಿಷಯಗಳೂ ಇವೆ. ಮಕ್ಕಳ ತರಗತಿಯಲ್ಲಿ ಹಗ್ಗದಾಟ, ಚೆಂಡಾಟ ಜಾಸ್ತಿ. ಶುಕ್ರವಾರ ಅಂತೂ ಪೂರ್ತಿ ಆಟ. ಏಳು ವರ್ಷದ ಮಗುವಿಗೆ ಅದು ಬೇಕು, ಹತ್ತು ವರ್ಷದ ಮಗುವಿನ ಸಮಯ ಹಾಳಾಗುತ್ತದೆ. ನಾವು ಗ್ವಾನ್‌ಜಾಂಗ್‌ನಿಮ್ ಹತ್ತಿರ ಮಾತಾಡಿದ ಮೇಲೆ ದೊಡ್ಡ ಮಕ್ಕಳಿಗೆ ಬೇರೆ ಗುಂಪು ಮಾಡಿದರು. ಪೂಮ್ ಪರೀಕ್ಷೆಯ ಖರ್ಚು ಒಂದು ತಿಂಗಳ ಶುಲ್ಕಕ್ಕಿಂತ ಜಾಸ್ತಿ. ಅದರಲ್ಲಿ ಕುಕ್ಕಿವೊನ್‌ಗೆ ಎಷ್ಟು, ಟೇಕ್ವಾಂಡೊ ಸಂಘಕ್ಕೆ ಎಷ್ಟು, ದೋಜಾಂಗ್‌ಗೆ ಎಷ್ಟು ಅಂತ ಬಿಡಿಸಿ ಬರೆದ ಚೀಟಿ ನಮಗೆ ಕೇಳದೆ ಸಿಗಲಿಲ್ಲ. ನೀವು ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಸೂಚನೆಗಳೆಲ್ಲ ಕೊರಿಯನ್ ಭಾಷೆಯಲ್ಲೇ ಮೊಬೈಲಿಗೆ ಬರುತ್ತವೆ, ಅದಕ್ಕೂ ತಯಾರಿರಿ.

ಊರಲ್ಲಿ ಕಲಿಯುತ್ತಿರುವವರಿಗೂ ಒಂದು ಮಾತು. ನನ್ನ ಅಕ್ಕನ ಮಗಳು ಮೈಸೂರಿನಲ್ಲಿ ವರ್ಷಗಟ್ಟಲೆ ಕಲಿತು ಕಪ್ಪು ಬೆಲ್ಟು ಪಡೆದಳು. ಚೆನ್ನಾಗಿಯೇ ಒದೆಯುತ್ತಾಳೆ. ಆದರೆ ಅವಳಿಗೆ ಕೊಟ್ಟ ಪತ್ರದಲ್ಲಿ ದೊಡ್ಡ ಮುದ್ರೆ ಇತ್ತು, ಕುಕ್ಕಿವೊನ್ ನಂಬರ್ ಇರಲಿಲ್ಲ. ಎರಡನೇ ದಾನ್‌ಗೆ ಅರ್ಜಿ ಹಾಕುವಾಗ ಅದು ಲೆಕ್ಕಕ್ಕೆ ಬರಲಿಲ್ಲ. ಆ ಹುಡುಗಿ ಎಷ್ಟು ನೊಂದುಕೊಂಡಳು ಅಂತ ನೋಡಿದ್ದೇನೆ, ಈಗಲೂ ಸಿಟ್ಟು ಬರುತ್ತದೆ. ಕುಕ್ಕಿವೊನ್ ಕೊಡುವ ಪ್ರತಿ ದಾನ್, ಪೂಮ್‌ಗೂ ಒಂದು ನಂಬರ್ ಇರುತ್ತದೆ, ಅದನ್ನು ಅವರ ದಾಖಲೆಯಲ್ಲಿ ಆನ್‌ಲೈನ್ ನೋಡಬಹುದು. ಕಪ್ಪು ಬೆಲ್ಟಿನ ಶುಲ್ಕ ಕಟ್ಟುವ ಮೊದಲು "ಇದು ಕುಕ್ಕಿವೊನ್ ದಾನಾ?" ಅಂತ ಗುರುಗಳನ್ನು ನೇರವಾಗಿ ಕೇಳಿ. ಒಳ್ಳೆಯ ಗುರುಗಳು ತಮ್ಮ ನಂಬರನ್ನೇ ತೋರಿಸುತ್ತಾರೆ.

ನಾನು ಮತ್ತು ಮಗ ಇಬ್ಬರೂ ಈಗ ಮೂರನೆಯದಕ್ಕೆ ಕುಮ್‌ಗಾಂಗ್ ಪೂಮ್‌ಸೆ ಕಲಿಯುತ್ತಿದ್ದೇವೆ. ಒಂಟಿ ಕಾಲಿನಲ್ಲಿ ಕೊಕ್ಕರೆಯ ಹಾಗೆ ನಿಂತು ತೋಳು ಬಿಚ್ಚುವ ಚಲನೆ ಅದರಲ್ಲಿದೆ, ನಿಧಾನವಾಗಿ ಮಾಡಬೇಕು. ಶುಲ್ಕ ಮುಂದಿನ ವರ್ಷಕ್ಕೂ ಕಟ್ಟುತ್ತೇವೆ.

ಸೇರುವವರು ಮೊದಲು ಒಂದು ತರಗತಿ ಕೂತು ನೋಡಲು ಕೇಳಿ, ಬಹುಪಾಲು ಕಡೆ ಬಿಡುತ್ತಾರೆ. ಸಬೊಮ್‌ನಿಮ್ ಮಕ್ಕಳ ನಿಂತ ಪಾದವನ್ನು ತಿದ್ದುತ್ತಾರಾ ಅಂತ ಗಮನಿಸಿ. ಇಲ್ಲಿ ಶಾಲೆಯ ವರ್ಷ ಮಾರ್ಚ್‌ನಲ್ಲಿ ಶುರುವಾಗುತ್ತದೆ. ಆಗ ಸೇರಿಸಿದರೆ ಬಿಳಿ ಬೆಲ್ಟಿನ ಹೊಸ ಮಕ್ಕಳು ಜಾಸ್ತಿ ಇರುತ್ತಾರೆ, ಭಾಷೆ ಬಾರದ ಮಗುವಿಗೂ ಜೊತೆ ಬೇಗ ಸಿಗುತ್ತದೆ. ದೊಬೊಕ್ ಒಂದು ಅಳತೆ ದೊಡ್ಡದೇ ತೆಗೆದುಕೊಳ್ಳಿ, ಒಗೆದ ಮೇಲೆ ಸ್ವಲ್ಪ ಕುಗ್ಗುತ್ತದೆ.