ಮಿಶಿಗನ್‌ನ ಟ್ರೌಟ್ ಕ್ಲಬ್: ಕೊಟ್ಟ ದುಡ್ಡು ವಸೂಲಾಯ್ತಾ?

ಡೆಟ್ರಾಯಿಟ್ ಸುತ್ತಮುತ್ತ ಹೊಸದಾಗಿ ಮನೆ ಮಾಡಿದ ನಮ್ಮವರು "ಇಲ್ಲಿ ವೀಕೆಂಡಿಗೆ ಏನು ಮಾಡ್ತೀರಿ?" ಅಂತ ಕೇಳಿದರೆ ನಾನು ಟ್ರೌಟ್ ಕ್ಲಬ್ ಅನ್ನುತ್ತೇನೆ. ಟ್ರೌಟ್ ಅಂದರೆ ತಣ್ಣೀರಿನ ಹೊಳೆಯ ಒಂದು ಮೀನು. ಅವರು ಒಮ್ಮೆ ನನ್ನ ಮುಖ ನೋಡುತ್ತಾರೆ, ಒಮ್ಮೆ ನಮ್ಮ ಯಜಮಾನರ ಮುಖ ನೋಡುತ್ತಾರೆ. ಮನೆಯಲ್ಲಿ ಮೊಟ್ಟೆಯನ್ನೂ ಬೇಯಿಸದವಳಿಗೆ ಮೀನು ಹಿಡಿಯೋ ಕ್ಲಬ್ ಯಾಕೆ ಅಂತ. ಪ್ರತಿಯೊಬ್ಬರಿಗೂ ಬಿಡಿಸಿ ಹೇಳುವ ಬದಲು ಒಂದು ಸಲ ಬರೆದು ಬಿಡೋಣ ಅನ್ನಿಸಿತು.

ಇದು ಟ್ರೌಟ್ ಅನ್‌ಲಿಮಿಟೆಡ್ ಅನ್ನುವ ಸಂಸ್ಥೆಯ ಶಾಖೆ. ಅಮೆರಿಕದಾದ್ಯಂತ ಇಂಥ ಸುಮಾರು 400 ಶಾಖೆಗಳಿವೆ. ಆದರೆ ಸಂಸ್ಥೆ ಹುಟ್ಟಿದ್ದು ನಮ್ಮ ಮಿಶಿಗನ್‌ನಲ್ಲೇ. 1959ರಲ್ಲಿ ಗ್ರೇಲಿಂಗ್ ಊರಿನ ಹತ್ತಿರ, ಓ ಸೇಬಲ್ ನದಿಯ ದಂಡೆಯಲ್ಲಿದ್ದ ಜಾರ್ಜ್ ಗ್ರಿಫಿತ್ ಅನ್ನುವವರ ಮನೆಯಲ್ಲಿ 16 ಜನ ಗಾಳಗಾರರು ಸೇರಿ ಶುರು ಮಾಡಿದರು. ಆಗ ಸರ್ಕಾರ ಸಾಕಣೆ ಕೇಂದ್ರದಲ್ಲಿ ಮೀನು ಬೆಳೆಸಿ ನದಿಗೆ ಸುರಿಯುತ್ತಿತ್ತು. ಮೀನು ಸುರಿದರೆ ಸಾಲದು, ಮೀನು ತಾನಾಗಿ ಬದುಕುವ ಹಾಗೆ ನದಿಯನ್ನು ಉಳಿಸಿ ಅನ್ನುವುದು ಇವರ ವಾದ. ಇಷ್ಟು ವರ್ಷವಾದರೂ ಕ್ಲಬ್ಬಿನ ಕೆಲಸವೆಲ್ಲ ಇದೊಂದು ಮಾತಿನ ಸುತ್ತಲೇ ನಡೆಯುತ್ತದೆ.

ಖರ್ಚಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ನಮ್ಮವರು ಕೇಳುವುದೇ ಅದನ್ನು. ನಾನು ಸೇರಿದಾಗ ಮೊದಲ ವರ್ಷಕ್ಕೆ ಅರ್ಧ ರೇಟು, 17.50 ಡಾಲರ್. ಗಾಳ ಹಾಕಬೇಕು ಅಂದರೆ ರಾಜ್ಯದ ಲೈಸೆನ್ಸ್ ಬೇರೆ, ಅದಕ್ಕೆ 26 ಡಾಲರ್ ಕೊಟ್ಟೆ. ಕಡ್ಡಿ, ರೀಲು, ದಾರ ಎಲ್ಲ ಕಲಿಯುವವರಿಗೆ ಕ್ಲಬ್ಬಿನವರೇ ಕೊಡುತ್ತಾರೆ. ಮೊದಲ ದಿನವೇ ಅಂಗಡಿಗೆ ಓಡಬೇಡಿ. ನಾನು ವೇಡರ್ಸ್, ಅಂದರೆ ಎದೆಯ ತನಕ ಬರುವ ನೀರು ನುಗ್ಗದ ಪ್ಯಾಂಟು ಕೊಳ್ಳಲು ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ಹೆಂಗಸರ ಅಳತೆ ಇಲ್ಲ ಅಂತ ಗಂಡಸರ ಸ್ಮಾಲ್ ಸೈಜನ್ನೇ ದಾಟಿಸಿದರು. ಅದರೊಳಗೆ ನನ್ನಂಥ ಇನ್ನೊಬ್ಬಳು ಆರಾಮಾಗಿ ನಿಲ್ಲಬಹುದು. ಕ್ಲಬ್ಬಿನ ಹಿರಿಯರೊಬ್ಬರು ಹೆಂಡತಿಯ ಹಳೇ ಜೋಡಿ ತಂದುಕೊಟ್ಟರು, ಈಗಲೂ ಅದೇ ನಡೆಯುತ್ತಿದೆ.

ಗಾಳ ಬೀಸುವ ಪಾಠ ಏಪ್ರಿಲ್‌ನಲ್ಲಿ, ಮಿಲ್ಫರ್ಡ್ ಹತ್ತಿರದ ಪ್ರೌಡ್ ಲೇಕ್ ಪಾರ್ಕಿನಲ್ಲಿ. ಅಲ್ಲಿ ಹ್ಯೂರನ್ ನದಿಗೆ ವಸಂತದಲ್ಲಿ ಟ್ರೌಟ್ ಬಿಡುತ್ತಾರೆ. ಏಪ್ರಿಲ್ ಕೊನೆಯ ಶನಿವಾರದ ತನಕ ಹಿಡಿದ ಮೀನನ್ನು ವಾಪಸ್ ಬಿಡಲೇಬೇಕು. ಹಾಗಾಗಿ ಕಲಿಯುವವರ ದಂಡೇ ಅಲ್ಲಿರುತ್ತದೆ. ಮೊದಲ ಒಂದು ಗಂಟೆ ಹುಲ್ಲಿನ ಮೇಲೆ, ದಾರದ ತುದಿಗೆ ಕೊಕ್ಕೆಯ ಬದಲು ಉಣ್ಣೆ ಚೂರು ಕಟ್ಟಿಕೊಂಡು ಅಭ್ಯಾಸ. ಕೈಯನ್ನು ಗಡಿಯಾರದ ಮುಳ್ಳು ಅಂದುಕೊಳ್ಳಿ, ಹತ್ತು ಗಂಟೆಯಿಂದ ಒಂದು ಗಂಟೆಯ ತನಕ ಅಷ್ಟೇ, ಹಿಂದೆ ದಾರ ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಿರಿ ಅನ್ನುತ್ತಾರೆ. ಕಾಯುವುದೇ ಕಷ್ಟ. ಆದರೆ ಹೇಳಿಕೊಡುವವರ ತಾಳ್ಮೆ ದೊಡ್ಡದು. ದಾರ ನನ್ನ ಟೋಪಿಗೆ, ಪಕ್ಕದವರ ಟೋಪಿಗೆ, ಹಿಂದಿನ ಪೊದೆಗೆ ಸಿಕ್ಕಿಕೊಂಡಾಗಲೂ ಯಾರೂ ಮುಖ ಸಿಂಡರಿಸಲಿಲ್ಲ.

ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳಿರುತ್ತದೆ. ಅದನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಲು ಮೊದಲೇ ಹೇಳಿಕೊಡುತ್ತಾರೆ, ಆಗ ಮೀನಿನ ಬಾಯಿಂದ ಕೊಕ್ಕೆ ಸಲೀಸಾಗಿ ಬರುತ್ತದೆ. ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಒಣಗಿದ ಕೈ ತಾಗಿದರೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಆ ಲೋಳೆಯೇ ಅದಕ್ಕೆ ರಕ್ಷಣೆ. ನೀರು 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್ ದಾಟಿದರೆ ಗಾಳ ಸುತ್ತಿಟ್ಟು ಮನೆಗೆ ಹೋಗಬೇಕು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಎಳೆದಾಡಿಸಿಕೊಂಡ ಟ್ರೌಟ್ ಬಿಟ್ಟ ಮೇಲೂ ಸಾಯಬಹುದು. ಎಲ್ಲರ ಜೇಬಿನಲ್ಲೂ ದಾರ ಕಟ್ಟಿದ ಥರ್ಮಾಮೀಟರ್ ಇರುತ್ತದೆ.

ಹಾಗಿದ್ದರೂ ಹಿಡಿದು ಬಿಡುವ ಆಟ ನನಗೆ ಪೂರ್ತಿ ಒಗ್ಗಿಲ್ಲ. ನಮ್ಮದು ಶೃಂಗೇರಿ ಕಡೆ. ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕಿ ಬೆಳೆದವರು ನಾವು. ಅಲ್ಲಿ ಮೀನಿಗೆ ಯಾರೂ ಕೈ ಹಾಕುವುದಿಲ್ಲ. ಇಲ್ಲಿ ಮೀನನ್ನು ಉಳಿಸಬೇಕು ಅನ್ನುವವರೇ ಅದರ ಬಾಯಿಗೆ ಕೊಕ್ಕೆ ಹಾಕುತ್ತಾರೆ. ಕ್ಲಬ್ಬಿನವರಿಗೆ ಇದನ್ನು ಹೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ. "ನೀನು ಹುಳ ಎಣಿಸೋಕೆ ಬಾ" ಅಂದರು. ನಾನು ಕ್ಲಬ್ಬಿನಲ್ಲಿ ಉಳಿದದ್ದೇ ಆ ಹುಳಗಳಿಂದ.

ಹ್ಯೂರನ್ ನದಿಯ ಜಲಾನಯನ ಮಂಡಳಿ ಜನವರಿಯಲ್ಲಿ ಸ್ಟೋನ್‌ಫ್ಲೈ ಅನ್ನುವ ನೀರುಹುಳ ಹುಡುಕುವ ದಿನ ಇಟ್ಟುಕೊಳ್ಳುತ್ತದೆ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಎಲ್ಲ ಬಗೆಯ ಹುಳಗಳ ಲೆಕ್ಕ. ನಮ್ಮ ಕ್ಲಬ್ಬಿನಿಂದಲೂ ಒಂದಷ್ಟು ಜನ ಹೋಗುತ್ತೇವೆ. ಜನವರಿ ಅಂದರೆ ದಂಡೆಯಲ್ಲಿ ಐಸ್, ಕೈಗೆ ರಬ್ಬರ್ ಗ್ಲೌಸ್. ಒಬ್ಬರು ನೀರಿನಲ್ಲಿ ಬಲೆ ಹಿಡಿದು ನಿಲ್ಲುತ್ತಾರೆ. ಇನ್ನೊಬ್ಬರು ಬಲೆಯ ಮೇಲುಗಡೆ ನಿಂತು ಕಾಲಿನಿಂದ ಕಲ್ಲು ಕದಡುತ್ತಾರೆ. ಬಲೆಗೆ ಬಂದದ್ದನ್ನು ಬಿಳಿ ಟ್ರೇಗೆ ಸುರಿದರೆ ಮೊದಲಿಗೆ ಬರೀ ಕಸ, ಎಲೆ, ಮರಳು. ಒಂದು ನಿಮಿಷ ಸುಮ್ನೆ ನೋಡುತ್ತಿದ್ದರೆ ಕಸ ನಡೆಯಲು ಶುರು ಮಾಡುತ್ತದೆ. ಬಾಲ ಎರಡಿದ್ದರೆ ಸ್ಟೋನ್‌ಫ್ಲೈ, ಸಾಮಾನ್ಯವಾಗಿ ಮೂರಿದ್ದರೆ ಮೇಫ್ಲೈ. ಕ್ಯಾಡಿಸ್ ಹುಳುವಿನದ್ದು ಬೇರೆಯೇ ಸೊಗಸು. ಬಾಯಿಂದ ಬರುವ ರೇಷ್ಮೆಯಂಥ ಎಳೆಯಿಂದ ಮರಳಿನ ಕಾಳುಗಳನ್ನು ಒಂದಕ್ಕೊಂದು ಅಂಟಿಸಿ ತನ್ನ ಮೈಗೆ ಸರಿಯಾಗಿ ಒಂದು ಕೊಳವೆ ಕಟ್ಟಿಕೊಂಡಿರುತ್ತದೆ. ಚಿಮಟದಿಂದ ಮೆಲ್ಲಗೆ ಎತ್ತಿ ಭೂತಗನ್ನಡಿಯ ಕೆಳಗೆ ಇಟ್ಟರೆ ಕೊಳವೆಯ ಬಾಯಿಂದ ಕಪ್ಪು ತಲೆ, ಆರು ಕಾಲು ಹೊರಗೆ ಬರುತ್ತವೆ, ಬೆಳಕು ಕಂಡು ಒಳಗೆ ಹೋಗುತ್ತವೆ. ಒಂದರಲ್ಲಿ ಕೆಂಪು ಕಲ್ಲಿನ ಚೂರು ಸಾಲಾಗಿ ಕೂತಿತ್ತು. ಟ್ರೇ ಸುತ್ತ ನಿಂತವರೆಲ್ಲ ಬಗ್ಗಿ ಬಗ್ಗಿ ನೋಡಿದರು.

ಈ ಎಣಿಕೆ ಯಾಕೆ ಅಂದರೆ, ಸ್ಟೋನ್‌ಫ್ಲೈಗಳು ಕೊಳೆ ನೀರಿನಲ್ಲಿ ಬದುಕುವುದಿಲ್ಲ. ನೀರಿನ ಪರೀಕ್ಷೆ ಆ ಕ್ಷಣದ ನೀರನ್ನಷ್ಟೇ ಹೇಳುತ್ತದೆ, ಅಲ್ವಾ? ಹುಳ ತಿಂಗಳುಗಟ್ಟಲೆ ಅಲ್ಲೇ ಇದ್ದು ಬೆಳೆದಿರುತ್ತದೆ. ಅದು ಕಾಣೆಯಾದರೆ ಮೇಲೆಲ್ಲೋ ಏನೋ ಆಗಿದೆ ಅಂತ ಅರ್ಥ.

ಚಳಿಗಾಲದ ಇನ್ನೊಂದು ಕಾರ್ಯಕ್ರಮ ಫ್ಲೈ ಕಟ್ಟುವ ಸಂಜೆ. ಗಾಳಕ್ಕೆ ಎರೆಹುಳ ಚುಚ್ಚುವ ಬದಲು ಗರಿ, ತುಪ್ಪಳ, ದಾರದಿಂದ ಹುಳದ ಹಾಗೆ ಕಾಣುವ ಬೊಂಬೆ ಕಟ್ಟುವುದು. ಮೊದಲು ವುಲಿ ಬಗರ್ ಅನ್ನುವುದನ್ನು ಕಲಿಸುತ್ತಾರೆ, ದಪ್ಪಗಿರುವುದರಿಂದ ಕೈ ನಡುಗಿದರೂ ನಡೆಯುತ್ತದೆ. ಹೂ ಕಟ್ಟಿ ಅಭ್ಯಾಸ ಇರುವ ನಮ್ಮ ಹೆಂಗಸರಿಗೆ ಇದು ಬೇಗ ಕೈ ಹತ್ತುತ್ತದೆ. ಮೇಜಿನಲ್ಲಿದ್ದವರು ದಾರ ಹರಿದುಕೊಂಡು ಒದ್ದಾಡುವಾಗ ನನ್ನದು ಮುಗಿದಿತ್ತು, ಸ್ವಲ್ಪ ಜಂಬವೂ ಬಂತು. ಗ್ರಿಫಿತ್ ಅವರ ಹೆಸರಿನಲ್ಲೇ ಗ್ರಿಫಿತ್ಸ್ ನ್ಯಾಟ್ ಅಂತ ಒಂದು ಫ್ಲೈ ಇದೆ. ನವಿಲುಗರಿಯ ಎಳೆ, ಅದರ ಮೇಲೆ ಹುಂಜದ ಗರಿ, ಅಷ್ಟೇ. ಅಕ್ಕಿಕಾಳಿಗಿಂತ ಚಿಕ್ಕದು.

ಈಗ ಕ್ಲಬ್ಬಿನ ನಿಜವಾದ ಕೆಲಸಕ್ಕೆ ಬರುತ್ತೇನೆ. ಬೇಸಿಗೆಯಲ್ಲಿ ಐ-75 ಹೆದ್ದಾರಿ ಹಿಡಿದು ಉತ್ತರಕ್ಕೆ ಸುಮಾರು ಮೂರು ಗಂಟೆ ಹೋದರೆ ಓ ಸೇಬಲ್. ನೀರು ತಣ್ಣಗೆ, ತಿಳಿಯಾಗಿ, ಒಂದೇ ಮಟ್ಟದಲ್ಲಿ ಹರಿಯುತ್ತದೆ. ಅದಕ್ಕೆ ಕಾರಣ ಅಲ್ಲಿನ ಮರಳು ನೆಲದಡಿಯಿಂದ ವರ್ಷವಿಡೀ ಬರುವ ಒರತೆ. ಆದರೆ 19ನೇ ಶತಮಾನದ ಕೊನೆಗೆ ಇಲ್ಲಿನ ಪೈನ್ ಕಾಡನ್ನೆಲ್ಲ ಕಡಿದು ದಿಮ್ಮಿಗಳನ್ನು ಇದೇ ಹೊಳೆಯಲ್ಲಿ ತೇಲಿಬಿಟ್ಟರು. ದಡ ಕಿತ್ತುಹೋಗಿ ಮರಳು ತಳಕ್ಕೆ ಬಿತ್ತು. ಟ್ರೌಟ್ ಮೊಟ್ಟೆ ಇಡುವುದು ಜಲ್ಲಿಕಲ್ಲಿನ ಸಂದಿಯಲ್ಲಿ. ಸಂದಿಗೆ ಮರಳು ತುಂಬಿದರೆ ಮೊಟ್ಟೆಗೆ ಉಸಿರಿಲ್ಲ. ಅದಕ್ಕಾಗಿ ದಡದ ಬದಿಗೆ ಮರದ ದಿಮ್ಮಿ ಇಟ್ಟು ಭದ್ರ ಮಾಡುತ್ತೇವೆ. ದಿಮ್ಮಿಗೆ ಬಡಿದ ನೀರು ತಿರುಗಿ ವೇಗವಾಗುತ್ತದೆ, ಮರಳು ಕೊಚ್ಚಿ ಹೋಗಿ ಜಲ್ಲಿ ಮೇಲೆ ಬರುತ್ತದೆ. ಜೊತೆಗೆ ಮೀನಿಗೆ ನೆರಳು, ಅಡಗುತಾಣ. ಕೆಲಸ ಅಂದರೆ ಹಗ್ಗ ಕಟ್ಟಿ ಎಳೆಯುವುದು, ಗೂಟ ಹೊಡೆಯುವುದು, ಸೊಳ್ಳೆ ಹೊಡೆಯುವುದು. ಎಪ್ಪತ್ತು ದಾಟಿದ ಅಜ್ಜಂದಿರು ನಮಗಿಂತ ಚುರುಕು. ಐಟಿ ಬೆನ್ನು ಎರಡು ದಿನ ನೆನಪಿಟ್ಟುಕೊಳ್ಳುತ್ತದೆ.

ಸಂಜೆ ಇದೇ ನದಿಯ ಹೋಲಿ ವಾಟರ್ಸ್ ಅನ್ನುವ ಭಾಗದ ಕಡೆ ಹೋಗಿ ನೋಡಬಹುದು. ಬರ್ಟನ್ಸ್ ಲ್ಯಾಂಡಿಂಗ್‌ನಿಂದ ವೇಕ್ಲಿ ಸೇತುವೆಯ ತನಕ ಸುಮಾರು 8 ಮೈಲಿ, ಬರೀ ಫ್ಲೈ ಮಾತ್ರ, ಹಿಡಿದದ್ದು ವಾಪಸ್ ನೀರಿಗೆ. ಜೂನ್ ಕೊನೆಗೆ ಹೋದರೆ ಹೆಕ್ಸ್ ಅನ್ನುವ ದೊಡ್ಡ ಮೇಫ್ಲೈ ರಾತ್ರಿ ಹೊತ್ತು ರಾಶಿ ರಾಶಿ ಏಳುತ್ತದೆ, ದೊಡ್ಡ ಮೀನು ಆಗಲೇ ಮೇಲೆ ಬರುವುದು. ಹೊರಡುವ ಮೊದಲು ಬೂಟು ಉಜ್ಜಿ ತೊಳೆಯದಿದ್ದರೆ ಬೈಸಿಕೊಳ್ಳುತ್ತೀರಿ. ನ್ಯೂಜಿಲೆಂಡ್ ಮಡ್‌ಸ್ನೇಲ್ ಅನ್ನುವ ಪುಟ್ಟ ಬಸವನಹುಳು ಬೂಟಿಗೆ ಅಂಟಿ ಹೊಳೆಯಿಂದ ಹೊಳೆಗೆ ಹೋಗುತ್ತದೆ. 2016ರಲ್ಲಿ ಓ ಸೇಬಲ್‌ನಲ್ಲೂ ಸಿಕ್ಕಿತು.

ಇನ್ನು ನನ್ನ ತಕರಾರು. ತಿಂಗಳ ಮೀಟಿಂಗ್ ಎಳೆಯುತ್ತದೆ. ಯಾರೋ ಮೊಂಟಾನಾಕ್ಕೆ ಹೋಗಿ ಬಂದ ಸ್ಲೈಡುಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಹೆಂಗಸರು ಬೆರಳೆಣಿಕೆ, ನಮ್ಮ ಬಣ್ಣದವರು ಅದಕ್ಕಿಂತ ಕಡಿಮೆ. ಯಾರೂ ಬೇಧ ಮಾಡಿದ್ದಿಲ್ಲ, ಆದರೆ ಅವರ ನಲವತ್ತು ವರ್ಷದ ಹಳೇ ಕಥೆಗಳ ನಡುವೆ ಹೊಸಬರಿಗೆ ತಲೆಬುಡ ಗೊತ್ತಾಗುವುದಿಲ್ಲ. ಕೆಲಸದ ದಿನ ಊಟಕ್ಕೆ ಹಾಟ್‌ಡಾಗ್ ಮತ್ತು ಚಿಪ್ಸ್. ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿ, ಸ್ವಲ್ಪ ಜಾಸ್ತಿಯೇ ಕಟ್ಟಿಕೊಳ್ಳಿ.

ದೊಡ್ಡ ತಕರಾರು ಬೇರೆ. ಇವರು ಇಷ್ಟು ಮುದ್ದು ಮಾಡುವ ಬ್ರೌನ್ ಟ್ರೌಟ್ ಇಲ್ಲಿಯದಲ್ಲ. ಯುರೋಪಿನ ತಳಿ, 1884ರಲ್ಲಿ ಇದೇ ಮಿಶಿಗನ್‌ನ ಹೊಳೆಗೆ ತಂದು ಬಿಟ್ಟರು. ಓ ಸೇಬಲ್‌ನ ಸ್ವಂತ ಮೀನು ಗ್ರೇಲಿಂಗ್, ಊರಿಗೆ ಆ ಹೆಸರು ಬಂದಿದ್ದೇ ಅದರಿಂದ. ಕಾಡು ಕಡಿದು, ಮಿತಿಯಿಲ್ಲದೆ ಹಿಡಿದು, ಹೊರಗಿನ ಮೀನು ಬಿಟ್ಟು, 1930ರ ದಶಕದ ಹೊತ್ತಿಗೆ ಈ ರಾಜ್ಯದಲ್ಲಿ ಅದು ಇಲ್ಲವಾಯಿತು. ಅದನ್ನು ಮತ್ತೆ ಮಿಶಿಗನ್‌ಗೆ ತರುವ ಪ್ರಯತ್ನ 2016ರಲ್ಲಿ ಶುರುವಾಗಿದೆ, ಲಿಟಲ್ ರಿವರ್ ಬ್ಯಾಂಡ್ ಎಂಬ ಒಡಾವಾ ಮೂಲನಿವಾಸಿಗಳೂ ರಾಜ್ಯ ಸರ್ಕಾರವೂ ಮುಂದೆ ನಿಂತಿದ್ದಾರೆ. ಕ್ಲಬ್ಬಿನಲ್ಲಿ ಈ ಮಾತು ಎತ್ತಿದರೆ ಎರಡು ಗುಂಪಾಗುತ್ತದೆ. ನನ್ನನ್ನು ಕೇಳಿದರೆ, ತಣ್ಣನೆಯ ತಿಳಿ ನೀರು ಎರಡೂ ಮೀನಿಗೆ ಬೇಕು. ಹಾಗಾಗಿ ದಿಮ್ಮಿ ಎಳೆಯಲು ನನ್ನದೇನೂ ಅಭ್ಯಂತರವಿಲ್ಲ.

ಮಕ್ಕಳಿರುವವರಿಗೆ ಒಂದು ಮಾತು. ರಾಜ್ಯದ ಶಾಲೆಗಳಲ್ಲಿ ಸಾಲ್ಮನ್ ಇನ್ ದ ಕ್ಲಾಸ್‌ರೂಮ್ ಅನ್ನುವ ಕಾರ್ಯಕ್ರಮವಿದೆ. ಚಳಿಗಾಲದ ಮೊದಲು ಮೊಟ್ಟೆ ಕೊಡುತ್ತಾರೆ, ತಣ್ಣೀರಿನ ತೊಟ್ಟಿಯಲ್ಲಿ ಮರಿ ಬೆಳೆಸಿ ವಸಂತದಲ್ಲಿ ಹೊಳೆಗೆ ಬಿಡುತ್ತಾರೆ. ನನ್ನ ಮಗಳ ತರಗತಿಯ ತೊಟ್ಟಿಗೆ ಸಹಾಯ ಮಾಡಲು ಬಂದವರಿಂದಲೇ ನನಗೆ ಈ ಕ್ಲಬ್ ಗೊತ್ತಾದದ್ದು. ನಿಮ್ಮ ಮಕ್ಕಳ ಶಾಲೆಯಲ್ಲಿ ಇಲ್ಲದಿದ್ದರೆ ಟೀಚರ್ ಹತ್ತಿರ ಕೇಳಿ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ, ಒಂದು ಮೊಂಟಾನಾ ಸ್ಲೈಡುಗಳಿಗೆ ಹೋಯಿತು. ಮೀನು ಹಿಡಿಯುವುದೊಂದೇ ನಿಮ್ಮ ಆಸೆಯಾದರೆ ಒಂದು ದಿನಕ್ಕೆ ಗೈಡ್ ಮಾಡಿಕೊಳ್ಳಿ, ಬೇಗ ಕಲಿಯುತ್ತೀರಿ. ಕ್ಲಬ್ ಸೇರುವುದಾದರೆ ಅಕ್ಟೋಬರ್‌ನಲ್ಲಿ ಸೇರಿ. ಹುಳದ ಎಣಿಕೆ ಸಿಗುತ್ತದೆ, ಫ್ಲೈ ಕಟ್ಟುವ ಸಂಜೆಗಳು ಸಿಗುತ್ತವೆ, ಏಪ್ರಿಲ್ ಬರುವಷ್ಟರಲ್ಲಿ ನಾಲ್ಕು ಜನ ಪರಿಚಯವಾಗಿರುತ್ತಾರೆ. ಉಣ್ಣೆ ಸಾಕ್ಸ್ ಎರಡು ಜೊತೆ ಇಟ್ಟುಕೊಳ್ಳಿ. ಹತ್ತಿಯದ್ದು ಬೇಡ, ಒದ್ದೆಯಾದರೆ ಕಾಲು ಮರಗಟ್ಟುತ್ತದೆ.