ತೋಟಾ ನೋಡಿ ಕೊಂಡ 12 ಬೋರ್ ಕೋವಿ

ದಕ್ಷಿಣ ಕೊಡಗಿನ ನಮ್ಮ ಮನೆಯಲ್ಲಿ ಅಣ್ಣನ ಹೆಸರಿನಲ್ಲಿರುವ, ಅಜ್ಜನ ಕಾಲದ 16 ಬೋರಿನ (ಬೋರ್ ಎಂದರೆ ನಳಿಕೆಯ ಒಳ ಅಳತೆ) ಜೋಡಿ ನಳಿಕೆ ಕೋವಿಯೊಂದಿದೆ. ನಳಿಕೆಯ ಒಳಮೈ ಇಂದಿಗೂ ಕನ್ನಡಿಯಂತೆ ಹೊಳೆಯುತ್ತದೆ. ಆದರೆ ಅದಕ್ಕೆ ಹೊಂದುವ ತೋಟಾವನ್ನು ಮೈಸೂರು, ಬೆಂಗಳೂರಿನ ಅಂಗಡಿಗಳಲ್ಲಿ ಕೇಳಿ ಕೇಳಿ ಸೋತ ಮೇಲೆ, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕ್‌ಪೂ (ಕೋವಿ ಹೂ) ಮುಡಿದು ಪೂಜೆ ಪಡೆಯುವುದಷ್ಟೇ ಅದರ ಪಾಲಿಗೆ ಉಳಿದಿದೆ. ಆದ್ದರಿಂದ ಕಳೆದ ವರ್ಷ ನನ್ನ ಹೆಸರಿಗೆ ಕೋವಿ ಕೊಳ್ಳಲು ಹೊರಟಾಗ ಕೋವಿಯನ್ನು ನೋಡುವ ಮೊದಲು ತೋಟಾದ ದಾಸ್ತಾನನ್ನು ವಿಚಾರಿಸಿದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯು ಒಬ್ಬರು ಹೊಂದಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿರುವುದರಿಂದ ಬೋರ್ ತಪ್ಪಿದರೆ ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ.

ಕಡೆಗೆ ಕೊಂಡದ್ದು ಬಳಸಿದ 12 ಬೋರಿನ ಜೋಡಿ ನಳಿಕೆ. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಮಾಡಿದರೆ ಒಂದೊಂದರ ಅಡ್ಡಳತೆ ಎಷ್ಟಾಗುವುದೋ ಅದೇ ಈ ನಳಿಕೆಯ ಬಾಯಿ, ಸುಮಾರು 18.5 ಮಿ.ಮೀ. ಬ್ಯಾಂಕಿನ ಕಾವಲುಗಾರನಿಂದ ಹಿಡಿದು ಕಾಫಿ ಬೆಳೆಗಾರನವರೆಗೆ ಎಲ್ಲರ ಕೈಯಲ್ಲೂ ಇರುವುದು ಇದೇ ಆದ್ದರಿಂದ, ತೋಟಾ ಮಾರುವ ಅಂಗಡಿಯಲ್ಲಿ ಬೇರೇನು ಇಲ್ಲದಿದ್ದರೂ 12 ಬೋರ್ ಇರುವ ಸಂಭವ ಹೆಚ್ಚು. ದಪ್ಪ ಗುಂಡುಗಳ ಎಸ್‌ಜಿ, ಎಲ್‌ಜಿ ತೋಟಾ ಮುಗಿದಿದ್ದರೆ ಸಣ್ಣ ಗುಂಡುಗಳ 4 ಅಥವಾ 6ನೇ ನಂಬರಾದರೂ ಸಿಗುತ್ತದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಅಭ್ಯಾಸಕ್ಕೂ, ತೋಟದಲ್ಲಿ ಸದ್ದು ಮಾಡುವುದಕ್ಕೂ ನನಗೆ ಅಷ್ಟು ಸಾಕು.

ರೈಫಲ್ ಬೇಕೆಂಬ ಆಸೆ ಇರಲಿಲ್ಲವೆಂದಲ್ಲ. ಬಂಗಾಳದ ಇಶಾಪುರ ಕಾರ್ಖಾನೆಯ .315 (ಇಂಚಿನ ಅಳತೆ) ರೈಫಲ್ಲಿನ ಹಿಂದೆ ತೋಟಾದ್ದೇ ಕಥೆಯಿದೆ: ತಮ್ಮ ಸೈನ್ಯದ .303 ತೋಟಾ ಜನರ ಕೈ ಸೇರಬಾರದೆಂದು ಬ್ರಿಟಿಷರು ತಡೆದಾಗ, ಅದೇ ಲೀ ಎನ್‌ಫೀಲ್ಡ್ ಮಾದರಿಯ ಯಂತ್ರಕ್ಕೆ ಆಸ್ಟ್ರಿಯಾದ ಹಳೆಯ 8 ಮಿ.ಮೀ. ತೋಟಾವನ್ನು ಹೊಂದಿಸಿದ್ದರಿಂದ ಈ ಅಳತೆ ನಮ್ಮಲ್ಲಿ ಬೇರೂರಿತು. ಪುಣೆಯ ಖಡಕಿಯ ಮದ್ದುಗುಂಡು ಕಾರ್ಖಾನೆಯೇ ಇದರ ಮುಖ್ಯ ಆಸರೆ. ನಾಗರಿಕ ಕೋವಿಗಳ ಆಮದು 1980ರ ದಶಕದಲ್ಲೇ ಬಿಗಿಯಾಗಿರುವಾಗ, ಒಂದೇ ಬುಗ್ಗೆಯನ್ನು ನಂಬಿದ ಬಾವಿಯಂತೆ ಈ ಅಳತೆ ನನಗೆ ಕಂಡಿತು. ರಿವಾಲ್ವರಿನ .32ಕ್ಕೂ ಇದೇ ಮಾತು.

ಎಲ್ಲರಲ್ಲೂ ಇರುವ ಬೋರ್ ಎಂದ ಮಾತ್ರಕ್ಕೆ ಕೊರತೆ ತಟ್ಟುವುದಿಲ್ಲವೆಂದು ಹೇಳಲಾಗದು. ಅಮೆರಿಕದಲ್ಲಿ 2020ರಲ್ಲಿ ಅಂಗಡಿಗಳ ಕಪಾಟಿನಿಂದ ಬೇಗನೆ ಮಾಯವಾದವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ 9 ಮಿ.ಮೀ. ತೋಟಾವೂ ಒಂದು. ಆದರೆ ಕಾರ್ಖಾನೆಗಳು ಮೊದಲು ತಯಾರಿಸುವುದೂ ಹೆಚ್ಚು ಜನ ಕೇಳುವುದನ್ನೇ. 16 ಬೋರಿನವರ ಸರದಿ ಬರುವುದು ಆಮೇಲೆ.

ಈ ಕೋವಿಯಲ್ಲಿ ಕುಂದುಗಳಿವೆ. ಎಡ ನಳಿಕೆಯ ಟ್ರಿಗರ್ ಬಲು ಬಿಗಿ, ಹಿಡಿಯ ಮರ ಒಣಗಿ ಸಂದು ಬಿಟ್ಟಿದೆ. ಅದಕ್ಕಿಂತ ಮುಖ್ಯವಾಗಿ, ತೋಟಾ ಕೂರುವ ಗೂಡು 65 ಮಿ.ಮೀ.ನದೆಂಬುದನ್ನು ಅಂಗಡಿಯವರು ಹೇಳಲೇ ಇಲ್ಲ. ಹಳೆಯ ಗೂಡಿನಲ್ಲಿ 70 ಮಿ.ಮೀ. ತೋಟಾವೂ ಕೂರುತ್ತದೆ, ಆದರೆ ಹಾರಿಸಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಅಪಾಯಕರವಾಗಿ ಏರುತ್ತದೆ. ಊರಿನ ಬಂದೂಕು ರಿಪೇರಿಯವರು ಅಳೆದು ಹೇಳಿದ ಮೇಲೆಯೇ ನಾನು ಮೊದಲ ಗುಂಡು ಹಾರಿಸಿದ್ದು. 12 ಬೋರಿನಲ್ಲೂ ನನಗೆ ಸಲ್ಲುವುದು ಗಿಡ್ಡ ತೋಟಾ ಮಾತ್ರವೆಂದು ತಿಳಿದಾಗ ಸ್ವಲ್ಪ ಪೆಚ್ಚಾದದ್ದು ನಿಜ.

ಪರವಾನಗಿ ಪುಸ್ತಕದಲ್ಲಿ ಬರೆದ ಮಿತಿಯೊಳಗೇ ಕೊಳ್ಳಬೇಕಾದ್ದರಿಂದ ಬೇಕಾದಷ್ಟು ಕೂಡಿಡುವ ಮಾತಿಲ್ಲ. ಇದ್ದುದನ್ನು ಜೂನ್‌ಗೆ ಮೊದಲು ಗಾಳಿಯಾಡದ ಡಬ್ಬಿಯಲ್ಲಿಟ್ಟು ಬೀಗ ಹಾಕುತ್ತೇನೆ. ನಮ್ಮ ಮಳೆಯಲ್ಲಿ ಕಾಗದದ ಹೊದಿಕೆಯ ತೋಟಾ ಉಬ್ಬಿ ಗೂಡಿಗೆ ಇಳಿಯದೆ ಹೋಗುವುದರಿಂದ ಪ್ಲಾಸ್ಟಿಕ್ಕಿನದನ್ನೇ ಕೇಳಿ ತರುತ್ತೇನೆ.