ಹಡಗಿನ ಟೂರೋ, ಊರ ರೈಲೋ? ಮೆಡಿಟರೇನಿಯನ್ ಬಂದರುಗಳ ವಿಮರ್ಶೆ

ಕ್ರೂಸಿನ ಪಟ್ಟಿಯಲ್ಲಿ ‘ರೋಮ್’ ಎಂದು ಅಚ್ಚಾಗಿರುತ್ತದೆ. ಹಡಗು ನಿಲ್ಲುವುದು ಚಿವಿತಾವೆಕ್ಕಿಯ ಎಂಬ ಬಂದರಿನಲ್ಲಿ. ಅಲ್ಲಿಂದ ರೋಮಿಗೆ 80 ಕಿಲೋಮೀಟರು, ಕಾಸರಗೋಡಿನಲ್ಲಿ ಇಳಿಸಿ ‘ಕಣ್ಣೂರು ನೋಡಿ ಬನ್ನಿ’ ಎಂದ ಹಾಗೆ. ‘ಫ್ಲಾರೆನ್ಸ್’ ಎಂದರೆ ಲಿವೊರ್ನೊ, ಅದು ಇನ್ನೂ ದೂರ. ‘ವೆನಿಸ್’ ಕತೆ ಇವೆರಡನ್ನೂ ಮೀರಿಸುತ್ತದೆ. 2021ರ ಆಗಸ್ಟಿನಿಂದ ದೊಡ್ಡ ಹಡಗುಗಳು ಊರೊಳಗಿನ ಜುದೆಕ್ಕ ಕಾಲುವೆಗೆ ಬರುವಂತಿಲ್ಲ. ಕೆಲವು ಹಡಗುಗಳು ಪಕ್ಕದ ಮಾರ್ಗೇರಾದಲ್ಲಿ ನಿಲ್ಲುತ್ತವೆ, ಕೆಲವು ಎರಡು ಗಂಟೆಗೂ ಹೆಚ್ಚು ದೂರದ ರಾವೆನ್ನಾದಲ್ಲಿ. ಆದ್ದರಿಂದ ಮುಂಗಡ ಕೊಡುವ ಮೊದಲು ಏಜೆಂಟರ ಹತ್ತಿರ ಊರಿನ ಹೆಸರಲ್ಲ, ಬಂದರಿನ ಹೆಸರು ಕೇಳಬೇಕು.

ಬಂದರಿನಿಂದ ಊರಿಗೆ ಹೋಗಲು ದಾರಿ ಎರಡು. ಒಂದು, ಹಡಗಿನವರೇ ಮಾರುವ ಟೂರು. ಇನ್ನೊಂದು, ಅಲ್ಲಿನ ರೈಲು, ಬಸ್ಸು, ಮೆಟ್ರೊ ಹಿಡಿದು ಸ್ವಂತ ತಿರುಗಾಟ. ರೈಲಿನ ಖರ್ಚಿನ ಐದಾರು ಪಟ್ಟು ಕೊಟ್ಟು ಹಡಗಿನ ಟೂರಿನಲ್ಲಿ ಕೊಳ್ಳುವುದು ಮುಖ್ಯವಾಗಿ ಒಂದು ಭರವಸೆಯನ್ನು: ಬಸ್ಸು ತಡವಾದರೆ ಹಡಗು ಕಾಯುತ್ತದೆ, ಕಾಯಲಾಗದಿದ್ದರೆ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ. ಸ್ವಂತ ಹೋದವರಿಗೆ ಕಾಯುವವರಿಲ್ಲ. ಆ ಭರವಸೆಗೆ ಎಲ್ಲಾ ಬಂದರಿನಲ್ಲೂ ಒಂದೇ ಬೆಲೆಯಿಲ್ಲ. ಕೆಲವು ಕಡೆ ಅದು ದುಡ್ಡು ದಂಡ, ಕೆಲವು ಕಡೆ ಅದಿಲ್ಲದೆ ಹೊರಡುವುದು ಹುಂಬತನ.

ಲೆಕ್ಕವನ್ನು ಸಂಜೆಯಿಂದ ಬೆಳಗ್ಗೆಗೆ ಹಾಕಬೇಕು, ನಮ್ಮವರು ಎಡವುವುದು ಇಲ್ಲೇ. ಹಡಗು 7 ಗಂಟೆಗೆ ಹೊರಡುತ್ತದೆ ಎಂದರೆ ಎಲ್ಲರೂ ಒಳಗಿರಬೇಕಾದ ಸಮಯ ಸಾಮಾನ್ಯವಾಗಿ 6:30, ಕೆಲವು ಕಂಪನಿಗಳಲ್ಲಿ 6. ಚಿವಿತಾವೆಕ್ಕಿಯದಲ್ಲಾದರೆ ಬಂದರಿನ ಬಾಗಿಲಿಗೆ 5ಕ್ಕೆ ಮುಟ್ಟುವಂತೆ ಇಟ್ಟುಕೊಳ್ಳಿ. ಹಾಗಾದರೆ ರೋಮಿನ ಸಾನ್ ಪಿಯೆತ್ರೊ ನಿಲ್ದಾಣದಿಂದ 3:30ರ ಆಸುಪಾಸಿನ ರೈಲು ಹತ್ತಬೇಕು. ಅದು ತಪ್ಪಿದರೂ ಇನ್ನೊಂದಕ್ಕೆ ಜಾಗ ಉಳಿಯುತ್ತದೆ. ಬೆಳಗ್ಗೆ 7ಕ್ಕೆ ಹಡಗು ಕಟ್ಟಿದರೂ ರೋಮಿನಲ್ಲಿ ಕಾಲಿಡುವಾಗ 9:30. ಕೈಗೆ ಸಿಕ್ಕಿದ್ದು ಆರು ಗಂಟೆ. ಆರು ಗಂಟೆಯಲ್ಲಿ ವ್ಯಾಟಿಕನ್ ಮ್ಯೂಸಿಯಮ್ಮೂ ಆಗಬೇಕು, ಕೊಲೊಸಿಯಮ್ಮೂ ಆಗಬೇಕು ಎಂದರೆ ಎರಡರ ಸರತಿ ಸಾಲನ್ನೂ ನೋಡಿ ಬರಬಹುದು, ಅಷ್ಟೇ. ಒಂದನ್ನು ಆರಿಸಿ.

ಚಿವಿತಾವೆಕ್ಕಿಯದ ವ್ಯವಸ್ಥೆ ಸುಲಭ. ಹಡಗಿನ ಬುಡದಿಂದ ಲಾರ್ಗೊ ದೆಲ್ಲಾ ಪಾಚೆ ಎಂಬ ಜಾಗದವರೆಗೆ ಬಂದರಿನ ಉಚಿತ ಬಸ್ಸಿದೆ. ಅಲ್ಲಿಂದ ರೈಲು ನಿಲ್ದಾಣಕ್ಕೆ ಸಣ್ಣ ಟಿಕೆಟಿನ ಬಸ್ಸು, ಇಲ್ಲವಾದರೆ ಕಾಲು ಗಂಟೆ ಮೇಲ್ಪಟ್ಟು ನಡಿಗೆ. ರೀಜನಲ್ ರೈಲಿಗೆ ಒಂದು ಕಡೆಗೆ 5 ಯೂರೋ ಆಸುಪಾಸು. ಹೋಗಿ ಬರುವುದರ ಜೊತೆಗೆ ರೋಮಿನ ಮೆಟ್ರೊ, ಬಸ್ಸನ್ನೂ ಹತ್ತುವವರಿಗೆ ‘ಬಿರ್ಗ್’ ಎಂಬ ದಿನದ ಟಿಕೆಟ್ ಅನುಕೂಲ, ಅದು ಆ ದಿನ ಮಧ್ಯರಾತ್ರಿಯವರೆಗೆ ನಡೆಯುತ್ತದೆ. ಇಂಟರ್‌ಸಿಟಿ ಮತ್ತು ಫ್ರೆಚ್ಚಾ ಎಂಬ ವೇಗದ ರೈಲುಗಳಿಗೆ ಇವು ಯಾವುವೂ ಸಲ್ಲುವುದಿಲ್ಲ, ಗೊತ್ತಿಲ್ಲದೆ ಹತ್ತಿದರೆ ದಂಡ ಖಾತ್ರಿ. ಕಾಗದದ ಟಿಕೆಟಾದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಮೊಬೈಲ್ ಟಿಕೆಟಾದರೆ ಚೆಕ್-ಇನ್ ಒತ್ತಬೇಕು. ದುಡ್ಡು ಕೊಟ್ಟ ಟಿಕೆಟು ಕೈಯಲ್ಲೇ ಇದ್ದರೂ ಮುದ್ರೆಯಿಲ್ಲದಿದ್ದರೆ ದಂಡ. ‘ಗೊತ್ತಿರಲಿಲ್ಲ’ ಎಂಬ ಮಾತಿಗೆ ಅಲ್ಲಿ ಕಿಮ್ಮತ್ತಿಲ್ಲ.

ವ್ಯಾಟಿಕನ್‌ಗೆ ಹೋಗುವವರು ಸಾನ್ ಪಿಯೆತ್ರೊದಲ್ಲಿ ಇಳಿಯಬೇಕು, ಚರ್ಚಿನ ಚೌಕಕ್ಕೆ ಕಾಲು ಗಂಟೆ ನಡಿಗೆ. ಕೊಲೊಸಿಯಮ್ಮಿಗೆ ಹೋಗುವವರು ಓಸ್ತಿಯೆನ್ಸೆಯಲ್ಲಿ ಇಳಿದು, ಪಕ್ಕದ ಪಿರಮಿದೆಯಿಂದ ಮೆಟ್ರೊ ಬಿ ಹಿಡಿದರೆ ಎರಡನೆಯ ನಿಲ್ದಾಣವೇ ಕೊಲೊಸೆಯೊ. ಎಲ್ಲರೂ ದೊಡ್ಡ ನಿಲ್ದಾಣ ತೆರ್ಮಿನಿಗೇ ಹೋಗಿ ಅರ್ಧ ಗಂಟೆ ಕಳೆದುಕೊಳ್ಳುತ್ತಾರೆ. ವಾಪಸು ಬರುವಾಗ ರೈಲಿನ ಮೇಲೆ ‘ಚಿವಿತಾವೆಕ್ಕಿಯ’ ಎಂದೇ ಇರಬೇಕೆಂದಿಲ್ಲ. ‘ಪೀಸಾ’, ‘ಗ್ರೊಸ್ಸೆತೊ’ ಎಂದು ಬರೆದ ರೀಜನಲ್ ರೈಲುಗಳೂ ಅಲ್ಲಿ ನಿಲ್ಲುತ್ತವೆ. ತಿರುವನಂತಪುರದ ಬೋರ್ಡು ಹಾಕಿದ ರೈಲು ಹತ್ತಿ ಕಾಞಂಗಾಡಿನಲ್ಲಿ ಇಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸಿನ ಹಣೆಪಟ್ಟಿ ಮಲಯಾಳದಲ್ಲಿದ್ದರೂ ಬದಿಯಡ್ಕ, ಪೆರ್ಲ ತಲುಪುವ ಅಭ್ಯಾಸವಿರುವ ಗಡಿನಾಡಿನವರು ಇಟಾಲಿಯನ್ ಬೋರ್ಡಿಗೆ ಹೆದರಬಾರದು. ನಾಲ್ಕು ಶಬ್ದ ಸಾಕು. ‘ಬಿನಾರಿಯೊ’ ಪ್ಲಾಟ್‌ಫಾರ್ಮು, ‘ರಿತಾರ್ದೊ’ ತಡ, ‘ಸೊಪ್ರೆಸ್ಸೊ’ ರದ್ದು, ‘ಶೋಪೆರೊ’ ಮುಷ್ಕರ.

ಆ ಕೊನೆಯ ಶಬ್ದ ಮುಖ್ಯ. ಮುಷ್ಕರ, ಹರತಾಳ ನಮಗೇನೂ ಹೊಸತಲ್ಲ, ಆದರೆ ಇಟಲಿಯದ್ದಕ್ಕೆ ಒಂದು ನಿಯಮವಿದೆ. ಕೆಲಸದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9 ಕೆಲವು ರೀಜನಲ್ ರೈಲುಗಳನ್ನು ಓಡಿಸಲೇಬೇಕು. ಕೇಳಲು ಚಂದ, ಕ್ರೂಸಿನವರಿಗೆ ಇದೇ ಬಲೆ. ಬೆಳಗ್ಗಿನ ರೈಲು ಸುಸೂತ್ರವಾಗಿ ರೋಮಿಗೆ ತಲುಪಿಸುತ್ತದೆ, ಮಧ್ಯಾಹ್ನ ಮೂರಕ್ಕೆ ಬೋರ್ಡು ತುಂಬ ‘ಸೊಪ್ರೆಸ್ಸೊ’, ಖಾತ್ರಿಯ ರೈಲು ಬರುವ ಹೊತ್ತಿಗೆ ಹಡಗು ಹಗ್ಗ ಬಿಚ್ಚುತ್ತಿರುತ್ತದೆ. ಮುಷ್ಕರಗಳು ಮುಂಚಿತವಾಗಿ ಪ್ರಕಟವಾಗುತ್ತವೆ, ಇಟಲಿಯ ಸಾರಿಗೆ ಸಚಿವಾಲಯದ ಜಾಲತಾಣದಲ್ಲಿ ಪಟ್ಟಿ ಇರುತ್ತದೆ. ಪ್ರಯಾಣಕ್ಕೆ ಒಂದು ವಾರ ಮೊದಲು ನೋಡಿ, ಆ ದಿನ ಮುಷ್ಕರವಿದ್ದರೆ ಮರುಮಾತಿಲ್ಲದೆ ಹಡಗಿನ ಟೂರು ಕೊಳ್ಳಿ. ಉಳಿದ ದಿನಗಳಲ್ಲಿ ಈ ರೈಲಿಗೆ ಐದರಲ್ಲಿ ನಾಲ್ಕು ಅಂಕ.

ನೇಪಲ್ಸ್‌ನಲ್ಲಿ ಹಡಗು ಊರ ನಡುವೆಯೇ ನಿಲ್ಲುತ್ತದೆ. ಇಲ್ಲಿ ಹಡಗಿನ ಟೂರಿಗೆ ದುಡ್ಡು ಸುರಿಯುವುದು ಅನಗತ್ಯ, ಗಟ್ಟಿ ಕಾಲಿನವರಿಗಂತೂ ಖಂಡಿತ. ಜ್ವಾಲಾಮುಖಿಯ ಬೂದಿಯಲ್ಲಿ ಹೂತಿದ್ದ ಪ್ರಾಚೀನ ಪಟ್ಟಣ ಪೊಂಪೆಗೆ ಹೋಗುವ ಚಿರ್ಕುಂವೆಸುವಿಯಾನಾ ರೈಲು ಹೆಚ್ಚಾಗಿ ಹಳೆಯದೇ, ಏಸಿಯಿರುವುದಿಲ್ಲ, ಓಣಂ ಮುನ್ನಾದಿನದ ಲೋಕಲ್ ಗಾಡಿಯ ಹಾಗೆ ತುಂಬುತ್ತದೆ, ಜೇಬುಗಳ್ಳರ ಕಾಟವೂ ಇದೆ. ಆದರೆ ಟಿಕೆಟು ಮೂರ್ನಾಲ್ಕು ಯೂರೋ, ಸಮಯ 35ರಿಂದ 40 ನಿಮಿಷ. ಹೆಚ್ಚಿನವರು ಗರಿಬಾಲ್ದಿ ನಿಲ್ದಾಣದಲ್ಲಿ ಹತ್ತುತ್ತಾರೆ. ಅದಕ್ಕಿಂತ ಒಂದು ನಿಲ್ದಾಣ ಹಿಂದೆ, ರೈಲು ಹೊರಡುವ ಪೋರ್ತಾ ನೊಲಾನಾದಲ್ಲೇ ಹತ್ತಿದರೆ ಕೂರಲು ಸೀಟು ಸಿಗುತ್ತದೆ. ಹಡಗುಕಟ್ಟೆಯಿಂದ ಅಲ್ಲಿಗೆ 25 ನಿಮಿಷದೊಳಗಿನ ನಡಿಗೆ. ಪ್ರವಾಸಿ ತಿಂಗಳುಗಳಲ್ಲಿ ಓಡುವ ಕಂಪಾನಿಯಾ ಎಕ್ಸ್‌ಪ್ರೆಸ್‌ಗೆ ದರ ಹೆಚ್ಚು, ನಿಲುಗಡೆ ಕಮ್ಮಿ, ನೆಮ್ಮದಿ ಜಾಸ್ತಿ. ಹಿರಿಯರಿದ್ದರೆ ಅದೇ ಸರಿ.

ಇಲ್ಲಿ ಆಗುವ ದೊಡ್ಡ ತಪ್ಪು ನಿಲ್ದಾಣದ್ದು. ಪೊಂಪೆ ಹೆಸರಿನ ನಿಲ್ದಾಣ ಒಂದಕ್ಕಿಂತ ಹೆಚ್ಚಿವೆ. ಬೇಕಾದದ್ದು ಸೊರೆಂತೊ ಕಡೆಗೆ ಹೋಗುವ ಗಾಡಿಯ ‘ಪೊಂಪೆ ಸ್ಕಾವಿ – ವಿಲ್ಲಾ ದೇಯ್ ಮಿಸ್ತೇರಿ’. ಇಳಿದರೆ ಪೋರ್ತಾ ಮರೀನಾ ಬಾಗಿಲು ಎದುರಿಗೇ. ಪೊಜ್ಜೊಮರಿನೊ ಕಡೆಯ ಗಾಡಿ ಹತ್ತಿದರೆ ಹೊಸ ಪೇಟೆಯ ನಡುವೆ ಇಳಿದು ದಾರಿ ಕೇಳುತ್ತಾ ನಡೆಯಬೇಕು. 2024ರ ನವೆಂಬರಿನಿಂದ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟಿನಲ್ಲಿ ಹೆಸರೂ ಇರುತ್ತದೆ. ಮೊದಲೇ ಕೊಂಡು, ಗುರುತಿನ ಚೀಟಿ ಹಿಡಿದು ಹೋಗಬೇಕು. 30 × 30 × 15 ಸೆಂಟಿಮೀಟರಿಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಬೇಕಲ ಕೋಟೆ ಸುಮಾರು 40 ಎಕರೆ. ಪೊಂಪೆಯ ಹಳೆಯ ಪಟ್ಟಣ 66 ಹೆಕ್ಟೇರು, ಅಂದರೆ ನಾಲ್ಕು ಬೇಕಲ. ನೆರಳು ಬಹಳ ಕಮ್ಮಿ, ನೆಲವೆಲ್ಲ ಉಬ್ಬುತಗ್ಗು ಕಲ್ಲು. ಮಂಡಿನೋವಿನವರಿಗೆ ಇದೇ ರೈಲಿನಲ್ಲಿ ಅರ್ಧ ದಾರಿಯಲ್ಲಿ ಸಿಗುವ ಎರ್ಕೊಲಾನೊ ವಾಸಿ. ಕ್ರಿ.ಶ. 79ರ ಅದೇ ಬೂದಿಯಲ್ಲಿ ಹೂತ ಊರು, ಚಿಕ್ಕದು, ಮನೆಯ ಮರದ ತೊಲೆಗಳು ಕೂಡ ಉಳಿದಿವೆ, ಜನಸಂದಣಿಯೂ ಇಲ್ಲ. ನೇಪಲ್ಸ್‌ನಲ್ಲಿ ಟ್ಯಾಕ್ಸಿ ಹಿಡಿಯುವುದಾದರೆ ಗಾಡಿ ಹೊರಡುವ ಮೊದಲೇ ‘ತಾರಿಫ್ಫಾ ಪ್ರೆದೆತೆರ್ಮಿನಾತಾ’ ಎಂದು ನಿಗದಿತ ದರ ಕೇಳಬೇಕು. ಹೊರಟ ಮೇಲೆ ಕೇಳಿದರೆ ಮೀಟರೇ ಗತಿ.

ಲಿವೊರ್ನೊದಲ್ಲಿ ಅಭಿಪ್ರಾಯ ಉಲ್ಟಾ. ಸರಕುಹಡಗಿನ ಬಂದರಾದ್ದರಿಂದ ನಡೆದು ಹೊರಬರಲು ಬಿಡುವುದಿಲ್ಲ. ಮೊದಲು ದುಡ್ಡಿನ ಶಟಲ್, ಪೇಟೆಯಿಂದ ನಿಲ್ದಾಣಕ್ಕೆ ಸಿಟಿ ಬಸ್ಸು, ಆಮೇಲೆ ಒಂದೂವರೆ ಗಂಟೆಯ ರೈಲು. ಮೂರು ಕೊಂಡಿ, ಯಾವುದು ಕಳಚಿದರೂ ದಿನ ಹಾಳು. ಫ್ಲಾರೆನ್ಸ್‌ನಲ್ಲಿ ನಾಲ್ಕು ಗಂಟೆ ಸಿಕ್ಕರೆ ಪುಣ್ಯ. ಸೋಮವಾರವಾದರೆ ಉಫ್ಫಿತ್ಸಿ, ಅಕಾದೆಮಿಯಾ ಮ್ಯೂಸಿಯಮ್ಮುಗಳೆರಡೂ ಬಾಗಿಲು ಮುಚ್ಚಿರುತ್ತವೆ. ಫ್ಲಾರೆನ್ಸ್ ಬೇಕೇ ಬೇಕು ಎನ್ನುವವರು ಹಡಗಿನ ಬಸ್ಸಿನಲ್ಲಿ ಹೋಗಲಿ. ಸ್ವಂತ ಹೋಗುವವರಿಗೆ ಪೀಸಾ, ಜೊತೆಗೆ ಲುಕ್ಕಾ ಚೆನ್ನ. ಪೀಸಾಕ್ಕೆ ರೈಲಿನಲ್ಲಿ 20 ನಿಮಿಷದೊಳಗೆ, ಅಲ್ಲಿಂದ ಲುಕ್ಕಾಕ್ಕೆ ಅರ್ಧ ಗಂಟೆ. ವಾಲುಗೋಪುರಕ್ಕೆ ಪೀಸಾ ಸೆಂಟ್ರಲ್‌ಗಿಂತ ಸಾನ್ ರೊಸ್ಸೊರೆ ನಿಲ್ದಾಣ ಹತ್ತಿರ. ಎಂಟು ವರ್ಷ ತುಂಬದ ಮಕ್ಕಳನ್ನು ಗೋಪುರ ಹತ್ತಲು ಬಿಡುವುದಿಲ್ಲ. ಟಿಕೆಟ್ ಕೊಂಡ ಮೇಲೆ ಗೊತ್ತಾಗಿ ಅಪ್ಪ ಒಬ್ಬ ಕೆಳಗೆ ನಿಲ್ಲುವ ದೃಶ್ಯ ಅಲ್ಲಿ ಮಾಮೂಲಿ.

ಅಥೆನ್ಸಿನ ಬಂದರು ಪಿರೇಯಸ್‌ಗೆ ಪೂರ್ತಿ ಅಂಕ. 2022ರ ಅಕ್ಟೋಬರಿನಲ್ಲಿ ಅಥೆನ್ಸ್ ಮೆಟ್ರೊದ 3ನೇ ಲೈನು ಬಂದರಿನವರೆಗೆ ಬಂತು. ಹಡಗುಕಟ್ಟೆಗೆ ಹತ್ತಿರದ್ದು ದಿಮೊತಿಕೊ ಥಿಯಾತ್ರೊ ನಿಲ್ದಾಣ. ಅಲ್ಲಿಂದ ಅಥೆನ್ಸಿನ ನಡುವಿನ ಮೊನಾಸ್ತಿರಾಕಿಗೆ ಬದಲಾವಣೆಯಿಲ್ಲದೆ ಸುಮಾರು 20 ನಿಮಿಷ. ಗುಡ್ಡದ ಮೇಲಿನ ಪುರಾತನ ದೇವಾಲಯಗಳ ತಾಣ ಅಕ್ರೊಪೊಲಿಸ್‌ಗೆ ಗಂಟೆ ನಮೂದಿಸಿದ ಟಿಕೆಟು ಬೇಕು. 2025ರ ಏಪ್ರಿಲಿನಿಂದ ದರ 30 ಯೂರೋ, ಹಲವು ತಾಣಗಳನ್ನು ಸೇರಿಸಿ ಕೊಡುತ್ತಿದ್ದ ಹಳೆಯ ಟಿಕೆಟು ಈಗಿಲ್ಲ. 8 ಗಂಟೆಯ ಸರದಿ ಸಿಕ್ಕರೆ ಬಿಡಬೇಡಿ. ಜೂನ್, ಜುಲೈಯ ಬಿಸಿಗಾಳಿಯಲ್ಲಿ ನಡುಮಧ್ಯಾಹ್ನ ಗುಡ್ಡವನ್ನೇ ಮುಚ್ಚಿದ ದಿನಗಳಿವೆ. ಕಾಲಕಾಲದಿಂದ ಸವೆದ ಅಮೃತಶಿಲೆ ಮಳೆಗಾಲದ ಪಾಚಿ ಅಂಗಳದಷ್ಟೇ ಜಾರುತ್ತದೆ, ಹವಾಯಿ ಚಪ್ಪಲಿ ಬೇಡ.

ಗ್ರೀಸಿನ ದ್ವೀಪ ಸ್ಯಾಂಟೊರಿನಿಯಲ್ಲಿ ಹಡಗುಕಟ್ಟೆಯಿಲ್ಲ, ದೋಣಿಯಲ್ಲಿ ಇಳಿಸುತ್ತಾರೆ. ಟೂರು ಕೊಂಡವರನ್ನು ಮೊದಲು ಅಥಿನಿಯೊಸ್ ಬಂದರಿಗೆ ಸಾಗಿಸಿ ಬಸ್ಸು ಹತ್ತಿಸುತ್ತಾರೆ. ಸ್ವಂತದವರು ಇಳಿಯುವುದು ಬಂಡೆಯ ಬುಡದ ಹಳೆ ಬಂದರಿನಲ್ಲಿ. ಮೇಲಿನ ಫಿರಾ ಪೇಟೆಗೆ ಕೇಬಲ್ ಕಾರು, ಇಲ್ಲವೇ ಐನೂರಕ್ಕೂ ಹೆಚ್ಚು ಮೆಟ್ಟಿಲು, ಅದರ ಮೇಲೆಲ್ಲ ಕತ್ತೆ ಲದ್ದಿ. ಹತ್ತುವ ಸಾಲಿಗಿಂತ ಇಳಿಯುವ ಸಾಲು ಮೋಸ. ನಾಲ್ಕೈದು ಹಡಗು ಒಟ್ಟಿಗೆ ನಿಂತ ಸಂಜೆ ಒಂದು ಗಂಟೆಗೂ ಹೆಚ್ಚು ಕಾಯಬೇಕಾಗಬಹುದು.

ಏಳೆಂಟು ಮಂದಿಯ ಕುಟುಂಬಕ್ಕೆ ಮೂರನೆಯ ದಾರಿಯೊಂದಿದೆ: ಅಲ್ಲಿನ ಖಾಸಗಿ ವ್ಯಾನು. ದರ ತಲೆಗಲ್ಲ, ಗಾಡಿಗೆ. ಹಾಗಾಗಿ ಅಜ್ಜ, ಅಜ್ಜಿ, ಮಕ್ಕಳು ಎಲ್ಲ ಸೇರಿದರೆ ಹಡಗಿನ ಟೂರಿಗಿಂತ ಅಗ್ಗವಾಗುವುದುಂಟು. ಬರಹದಲ್ಲಿ ಎರಡು ಮಾತು ಪಡೆಯಬೇಕು. ಹವಾಮಾನದಿಂದ ಹಡಗು ಆ ಬಂದರನ್ನೇ ಬಿಟ್ಟು ಹೋದರೆ ಮುಂಗಡ ವಾಪಸು. ಅವರ ತಡದಿಂದ ಹಡಗು ತಪ್ಪಿದರೆ ಮುಂದಿನ ಬಂದರಿಗೆ ಮುಟ್ಟಿಸುವ ಖರ್ಚು ಅವರದ್ದು. ಎರಡಕ್ಕೂ ತಲೆ ಆಡಿಸದವರನ್ನು ಬಿಟ್ಟುಬಿಡಿ.

ತಿಂಗಳು ಆರಿಸುವಾಗ ಏಪ್ರಿಲ್ ಕೊನೆ, ಮೇ ಮೊದಲು ನಮ್ಮವರಿಗೆ ಹೊಂದುತ್ತದೆ. ಶಾಲೆಗೂ ರಜೆ, ಅಡಿಕೆಗೆ ಮದ್ದು ಬಿಡುವ ಕೆಲಸವೂ ಶುರುವಾಗಿರುವುದಿಲ್ಲ. ಆದರೆ ಏಪ್ರಿಲ್ 25 ಮತ್ತು ಮೇ 1 ಇಟಲಿಯಲ್ಲಿ ರಜೆ. ತಿಂಗಳ ಮೊದಲ ಭಾನುವಾರ ಪೊಂಪೆ, ಕೊಲೊಸಿಯಮ್ ಉಚಿತ, ಅಂದರೆ ಕಾಲಿಡಲು ಜಾಗವಿರುವುದಿಲ್ಲ. ವ್ಯಾಟಿಕನ್ ಮ್ಯೂಸಿಯಮ್ ತಿಂಗಳ ಕೊನೆಯದು ಬಿಟ್ಟು ಉಳಿದ ಭಾನುವಾರ ಮುಚ್ಚಿರುತ್ತದೆ. ಚರ್ಚುಗಳಲ್ಲಿ ಭುಜ, ಮಂಡಿ ಮುಚ್ಚಿರಬೇಕು. ಸೀರೆ, ಚೂಡಿದಾರಕ್ಕೆ ತೊಂದರೆಯಿಲ್ಲ, ಬರ್ಮುಡಾದ ಗಂಡಸರನ್ನೇ ಬಾಗಿಲಲ್ಲಿ ತಡೆಯುವುದು. ಊಟಕ್ಕೆ ಸಸ್ಯಾಹಾರಿಗಳಿಗೆ ಪಿಜ್ಜಾ ಮರಿನಾರಾ ನಿಶ್ಚಿಂತೆ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಸೊಪ್ಪು, ಎಣ್ಣೆ ಅಷ್ಟೇ. ಪಾರ್ಮೆಸಾನ್ ಚೀಸನ್ನು ಕರುವಿನ ಜಠರದ ಕಿಣ್ವದಿಂದ ಮಾಡುತ್ತಾರೆ, ಕಟ್ಟುನಿಟ್ಟಿನವರು ಪಾಸ್ತಾದ ಮೇಲೆ ಉದುರಿಸಲು ಬಂದರೆ ಕೈ ಅಡ್ಡ ಹಿಡಿಯಬೇಕು. ರೋಮಿನ ಬೀದಿಯ ನಲ್ಲಿಗಳ ನೀರು ಕುಡಿಯಬಹುದು, ಬಾಟಲಿಗೆ ದುಡ್ಡು ಬೇಡ.

ಫೋನನ್ನು ಹಡಗಿನಲ್ಲಿ ಏರೋಪ್ಲೇನ್ ಮೋಡಿನಲ್ಲಿಡಿ. ಸಮುದ್ರದ ಮೇಲಿನ ನೆಟ್‌ವರ್ಕ್ ಸಾಮಾನ್ಯ ರೋಮಿಂಗ್ ಪ್ಯಾಕಿಗೆ ಸೇರದೆ ಬಿಲ್ಲು ಏರಿಸುತ್ತದೆ. ಇಟಲಿಯಿಂದ ಗ್ರೀಸಿಗೆ ಬಂದರೆ ಗಡಿಯಾರ ಒಂದು ಗಂಟೆ ಮುಂದೆ. ಹಡಗಿನ ಸಮಯ ಬದಲಾಗಿದೆಯೋ ಇಲ್ಲವೋ ಎಂದು ಇಳಿಯುವ ಬಾಗಿಲ ಬೋರ್ಡು ನೋಡಿ, ಸಾದಾ ಕೈಗಡಿಯಾರವೊಂದನ್ನು ಅದಕ್ಕೇ ಹೊಂದಿಸಿಕೊಳ್ಳಿ. ದಿನದ ಕಾರ್ಯಕ್ರಮ ಹಾಳೆಯಲ್ಲಿ ಬಂದರು ಏಜೆಂಟರ ಫೋನ್ ನಂಬರು ಇರುತ್ತದೆ, ಹೊರಡುವ ಮೊದಲು ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಹಡಗು ತಪ್ಪಿದವರು ಮೊದಲು ಕರೆಯಬೇಕಾದದ್ದು ಅವರನ್ನೇ. ಪಾಸ್‌ಪೋರ್ಟು, ವೀಸಾ ಪುಟದ ನಕಲೂ ಜೇಬಿನಲ್ಲಿರಲಿ. ಇನ್ನು ಟರ್ಕಿಯ ಕುಶಾದಾಸಿಯಂಥ ಬಂದರು ನಡುವೆ ಇದ್ದರೆ, ಇಟಲಿ, ಗ್ರೀಸಿಗೆ ಒಟ್ಟಿಗೇ ನಡೆಯುವ ಷೆಂಗೆನ್ ವೀಸಾ ಮಲ್ಟಿಪಲ್ ಎಂಟ್ರಿಯದ್ದೇ ಆಗಿರಬೇಕು. ಒಂದೇ ಪ್ರವೇಶದ ವೀಸಾ ಟರ್ಕಿಯಲ್ಲಿ ಇಳಿಯುವ ಹೊತ್ತಿಗೆ ಮುಗಿದಿರುತ್ತದೆ. ಅಂಥ ವೀಸಾದವರು ಅಲ್ಲಿ ಹಡಗು ತಪ್ಪಿಸಿಕೊಂಡರೆ ಕಣ್ಣೆದುರು ಕಾಣುವ ಗ್ರೀಸಿನ ದ್ವೀಪಕ್ಕೂ ಹೋಗಲಾಗದೆ ಊರಿಗೇ ಟಿಕೆಟು ಹುಡುಕಬೇಕಾಗುತ್ತದೆ.